ಓದುಗರ ಪ್ರಶ್ನೆ: ಗರ್ಭಪಾತಕ್ಕೆ ಗಂಡನ ಸಹಿ ಬೇಕೇ ಬೇಕಾ?

"ನನಗೆ ಇಬ್ಬರು ಮಕ್ಕಳು. ಕೊನೆಯ ಸಲ ಮುಟ್ಟಾಗಿ ಎಂಟು ವಾರ ಆಯ್ತು, ಟೆಸ್ಟಲ್ಲಿ ಎರಡು ಗೆರೆ ಬಂತು. ಯಜಮಾನ್ರು ಲಾರಿ ಮೇಲೆ ಹೋದರೆ ಬರೋದು ಇಪ್ಪತ್ತು ದಿನಕ್ಕೆ. ಆಸ್ಪತ್ರೆಯಲ್ಲಿ 'ಅವರನ್ನ ಕರ್ಕೊಂಡ್ ಬಾಮ್ಮ, ಸಹಿ ಬೇಕು' ಅಂದ್ರು. ಕಾನೂನು ಹಂಗಿದೆಯಾ?"
– ಓದುಗರೊಬ್ಬರು, ಮಂಡ್ಯ ಜಿಲ್ಲೆ

ಇಲ್ಲ. 18 ತುಂಬಿದ್ದರೆ ನಿಮ್ಮೊಬ್ಬರ ಸಹಿ ಸಾಕು. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ ಗಂಡನನ್ನಾಗಲಿ ಅತ್ತೆಯನ್ನಾಗಲಿ ಕೇಳುವುದೇ ಇಲ್ಲ. ಹುಡುಗಿ ಅಪ್ರಾಪ್ತಳಾಗಿದ್ದರೆ ಅಥವಾ ಮಾನಸಿಕ ಕಾಯಿಲೆ ಇದ್ದರೆ ಮಾತ್ರ ಪೋಷಕರ ಲಿಖಿತ ಒಪ್ಪಿಗೆ ಬೇಕು. ನೀವು ಸಹಿ ಮಾಡುವ 'ಸಿ' ನಮೂನೆಯಲ್ಲಿ 'ಇಂಥವರ ಮಗಳು ಅಥವಾ ಹೆಂಡತಿ' ಎಂದು ತುಂಬುವ ಜಾಗವಿದೆ. ಅದು ರೇಷನ್ ಕಾರ್ಡಿನ ಅರ್ಜಿಯಲ್ಲಿರುವಂತೆ ಗುರುತಿಗಷ್ಟೇ, ಅಪ್ಪಣೆಗಲ್ಲ.

ಹಾಗೆಂದು ಕೇಳಿದ ಕೂಡಲೇ ಮಾಡಿಬಿಡುತ್ತಾರೆಂದೂ ಅಲ್ಲ. 20 ವಾರದವರೆಗೆ ಒಬ್ಬ ವೈದ್ಯರು ಕಾರಣ ಒಪ್ಪಬೇಕು. ಗರ್ಭನಿರೋಧಕ ಕೈಕೊಟ್ಟಿದ್ದೂ ಒಪ್ಪುವ ಕಾರಣವೇ. 2021ರ ತಿದ್ದುಪಡಿಯಲ್ಲಿ 'ವಿವಾಹಿತ ಮಹಿಳೆ ಅಥವಾ ಆಕೆಯ ಗಂಡ' ಎಂದಿದ್ದ ಕಡೆ 'ಮಹಿಳೆ ಅಥವಾ ಆಕೆಯ ಸಂಗಾತಿ' ಎಂದಾಯಿತು. 20ರಿಂದ 24 ವಾರದ ಅವಕಾಶ ಅತ್ಯಾಚಾರಕ್ಕೊಳಗಾದವರು, ಅಪ್ರಾಪ್ತರು, ಬಸುರಿಯಿದ್ದಾಗಲೇ ಗಂಡನನ್ನು ಕಳೆದುಕೊಂಡವರು ಇಂಥವರಿಗೆ. ಆಗ ಇಬ್ಬರು ವೈದ್ಯರು ಒಪ್ಪಬೇಕು. ಮದುವೆಯಾಗದವರನ್ನು ಇದರಿಂದ ಹೊರಗಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರಿನಲ್ಲಿ ಹೇಳಿತು.

ಮತ್ತೆ ಗಂಡನನ್ನು ಯಾಕೆ ಕರೆತನ್ನಿ ಅಂತಾರೆ? ಮುಂದೆ ಮನೆಯವರು ಬಂದು ಗಲಾಟೆ ಮಾಡಿದರೆ ಅನ್ನುವ ಭಯ. ನಮ್ಮ ಕಡೆ ಇನ್ನೊಂದು ಹೆದರಿಕೆಯೂ ಸೇರಿದೆ ಅಂತ ನನಗನ್ನಿಸುತ್ತದೆ. 2023ರ ಕೊನೆಯಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮಾಡಿ ಹೆಣ್ಣು ಭ್ರೂಣ ತೆಗೆಸುತ್ತಿದ್ದ ಜಾಲ ಸಿಕ್ಕಿಬಿತ್ತಲ್ಲ, ಅಂದಿನಿಂದ 'ಅಬಾರ್ಷನ್' ಅಂದರೇ ಕಳ್ಳಕೆಲಸ ಅನ್ನುವಂತಾಗಿದೆ. ಲಿಂಗ ಪತ್ತೆ ತಡೆಗೆ ಇರುವ 1994ರ ಕಾಯ್ದೆಯೇ ಬೇರೆ, ಇದೇ ಬೇರೆ. ಎಂಟು ವಾರಕ್ಕೆ ಸ್ಕ್ಯಾನಿಂಗಿನಲ್ಲಿ ಗಂಡೋ ಹೆಣ್ಣೋ ಕಾಣುವುದೂ ಇಲ್ಲ.

ನಿಮ್ಮ ವಿಷಯದಲ್ಲಿ ಸಹಿಗಿಂತ ದಿನದ ಲೆಕ್ಕ ದೊಡ್ಡದು. ಮಾತ್ರೆಯಲ್ಲಿ ಮುಗಿಸಲು ನಿಯಮ ಕೊಟ್ಟಿರುವುದು ಒಂಬತ್ತು ವಾರ. ಯಜಮಾನರು ಬರುವ ಹೊತ್ತಿಗೆ ಅದು ದಾಟಿರುತ್ತದೆ. ಆಮೇಲೆ ಆಸ್ಪತ್ರೆಯಲ್ಲೇ ತೆಗೆಸಬೇಕು. ಹಾಗಂತ ಮೆಡಿಕಲ್ ಸ್ಟೋರಿನವರು ಚೀಟಿಯಿಲ್ಲದೆ ಕೊಟ್ಟ ಮಾತ್ರೆ ನುಂಗಬೇಡಿ. ಗರ್ಭಕೋಶದ ಬದಲು ಅಂಡನಳಿಕೆಯಲ್ಲಿ ಗರ್ಭ ನಿಂತಿದ್ದರೆ ಮಾತ್ರೆಯಿಂದ ಹೋಗುವುದಿಲ್ಲ, ನಳಿಕೆ ಒಡೆದು ಜೀವಕ್ಕೇ ಕುತ್ತು ಬರಬಹುದು.

ಈ ವಾರವೇ ಮಂಡ್ಯದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಮಿಮ್ಸ್‌ಗೋ ಮೈಸೂರಿನ ಚೆಲುವಾಂಬ ಆಸ್ಪತ್ರೆಗೋ ಹೋಗಿ, ಹೆರಿಗೆ ಮತ್ತು ಸ್ತ್ರೀರೋಗ ವಿಭಾಗದಲ್ಲಿ ನೇರವಾಗಿ ವೈದ್ಯರನ್ನೇ ಕಾಣಿ. ಖಾಸಗಿಗೆ ಹೋಗುವುದಾದರೆ ಈ ಕಾಯ್ದೆಯಡಿ ಅನುಮತಿ ಪತ್ರ ಇದೆಯಾ ಕೇಳಿ. ಗಂಡನ ಸಹಿ ಬೇಕೆಂದು ಮತ್ತೆ ಪಟ್ಟು ಹಿಡಿದರೆ 'ಅದನ್ನೇ ಬರೆದುಕೊಡಿ' ಅನ್ನಿ. 'ನಿಮ್ಮವರಿಗೆ ಫೋನ್ ಮಾಡಿ ಹೇಳ್ತೀವಿ' ಅಂದರೂ ಅಂಜಬೇಡಿ. ನಿಮ್ಮ ಹೆಸರು, ವಿವರ ಹೊರಗೆ ಬಿಟ್ಟ ವೈದ್ಯರಿಗೆ ಒಂದು ವರ್ಷದವರೆಗೆ ಜೈಲಾಗಬಹುದು.