ನಮ್ಮ ಹಾಡು ಗಿಟಾರ್‌ಗೆ ಕೂರಲ್ವಾ?

ಪ್ರಶ್ನೆ: ಸರ್, ಗಿಟಾರ್ ಶುರು ಮಾಡಿ ಎರಡು ವರ್ಷ ಆಯ್ತು. ಅದೇ ನಾಲ್ಕೈದು ಹಾಡು ನುಡಿಸಿ ನುಡಿಸಿ ಬೇಜಾರಾಗಿದೆ. ಹುರುಪು ಬರುವಂಥ ಹೊಸ ಹಾಡು ಎಲ್ಲಿ ಹುಡುಕಲಿ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ಉತ್ತರ ಮಾತ್ರ ಅದೇ. ಈಗಾಗಲೇ ನಿಮ್ಮ ಬಾಯಿಗೆ ಬರುವ ಹಾಡನ್ನು ಹಿಡಿಯಿರಿ. ಅಡುಗೆಮನೆಯಲ್ಲಿ ಅಮ್ಮ ಗುನುಗುವ ದಾಸರ ಪದ, ಶಾಲೆಯಲ್ಲಿ ಎಲ್ಲರೂ ಸೇರಿ ಹಾಡಿದ ಭಾವಗೀತೆ, ಅಕ್ಕನ ಸಂಗೀತದ ನೋಟ್‌ಬುಕ್‌ನಲ್ಲಿರುವ ಗೀತೆ. ಅದಕ್ಕೆ ನೆಟ್‌ನಲ್ಲಿ ಟ್ಯಾಬ್, ಅಂದರೆ ಯಾವ ತಂತಿ ಎಲ್ಲಿ ಒತ್ತಬೇಕು ಅಂತ ಬರೆದಿಟ್ಟ ಪಟ್ಟಿ, ಸಿಗದಿದ್ದರೂ ಚಿಂತೆಯಿಲ್ಲ. ಹಾಡೋಕೆ ಬಂದರೆ ಅರ್ಧ ಕಲಿತ ಹಾಗೆ.

ಇಷ್ಟು ಹೇಳಿದ ಕೂಡಲೇ ಬರುವ ಮಾತು ಒಂದೇ. “ಅವೆಲ್ಲ ಗಿಟಾರ್‌ಗೆ ಕೂರಲ್ಲ ಅಲ್ವಾ ಸರ್?”

ಕೂರುತ್ತವೆ. ಇದನ್ನು ಬಿಡಿಸಿ ಹೇಳಲೇಬೇಕು, ಯಾಕಂದ್ರೆ ಈ ಒಂದು ನಂಬಿಕೆಯಿಂದ ಎಷ್ಟೋ ಗಿಟಾರ್‌ಗಳು ಬೀರುವಿನ ಮೇಲೆ ಧೂಳು ಹಿಡಿಯುತ್ತಿವೆ.

ಮೊದಲ ತಕರಾರು: ಗಿಟಾರ್‌ಗೆ ಫ್ರೆಟ್ (ಕತ್ತಿನ ಮೇಲಿನ ಅಡ್ಡಪಟ್ಟಿ) ಇದೆ, ಗಮಕ (ಸ್ವರವನ್ನು ತೂಗಿ ಬಳುಕಿಸೋದು) ಬರಲ್ಲ. ಹಾಗಾದರೆ ವೀಣೆ ನೋಡಿ. ಅದರ ಮೇಲೆ ಮೇಣದಲ್ಲಿ ಕೂರಿಸಿದ 24 ಫ್ರೆಟ್ ಇವೆ. ಒಂದು ಸ್ಥಾಯಿಗೆ, ಅಂದರೆ ಸ ಇಂದ ಮೇಲಿನ ಸ ವರೆಗೆ, 12, ಗಿಟಾರ್‌ನಲ್ಲಿ ಇರುವ ಹಾಗೇ. ಮೈಸೂರಿನ ವೀಣೆ ಶೇಷಣ್ಣನವರ ಬೆರಳು ಓಡಾಡಿದ್ದೂ ಇಂಥ ಫ್ರೆಟ್‌ಗಳ ಮೇಲೆಯೇ. ಗಮಕ ಬರೋದು ತಂತಿಯನ್ನು ಪಕ್ಕಕ್ಕೆ ಎಳೆಯೋದರಿಂದ. ಗಿಟಾರ್ ತಂತಿಯನ್ನೂ ಎಳೆಯಬಹುದು. ವೀಣೆಯಷ್ಟು ದೂರ ಎಳೆಯೋಕೆ ಆಗಲ್ಲ, ಒಪ್ಪುತ್ತೇನೆ. ಅಲ್ಲಿ ಬೆರಳನ್ನು ಎತ್ತದೆ ಒಂದು ಫ್ರೆಟ್‌ನಿಂದ ಇನ್ನೊಂದಕ್ಕೆ ಜಾರಿಸಿ. ಅಕೌಸ್ಟಿಕ್ ಗಿಟಾರ್‌ನಲ್ಲಿ ದಪ್ಪ ತಂತಿ ಇದ್ದರೆ ತೆಗೆದು ತೆಳ್ಳಗಿನ ಸೆಟ್ ಹಾಕಿಸಿ, ಬೆರಳಿಗೆ ಸುಲಭ. ಗಿಟಾರ್ ವಾದಕ ಪ್ರಸನ್ನ ಅವರು ಫ್ರೆಟ್ ಇರುವ ಗಿಟಾರ್‌ನಲ್ಲೇ ಕರ್ನಾಟಕ ಸಂಗೀತದ ಕಛೇರಿ ಕೊಡುತ್ತಾರೆ. ಅದಕ್ಕೂ ಮುಂಚೆಯೇ ಬ್ರಿಜ್ ಭೂಷಣ್ ಕಾಬ್ರಾ ಗಿಟಾರನ್ನು ತೊಡೆಯ ಮೇಲೆ ಮಲಗಿಸಿ ಹಿಂದೂಸ್ತಾನಿ ರಾಗಗಳನ್ನು ನುಡಿಸಿದರು.

ಎರಡನೇ ತಕರಾರು: ನುಡಿಸಿ ನೋಡಿದೆ, ಏನೋ ಕೆಟ್ಟದಾಗಿ ಕೇಳಿಸ್ತು. ಇದು ನಿಜ. ಆದರೆ ತಪ್ಪು ಗಿಟಾರ್‌ನದ್ದಲ್ಲ, ಕಾರ್ಡ್‌ನದ್ದು, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪಿನದ್ದು. ಮೋಹನ ರಾಗ ತೆಗೆದುಕೊಳ್ಳಿ. ಅದರಲ್ಲಿ ಇರೋದು ಸ ರಿ ಗ ಪ ದ, ಐದೇ ಸ್ವರ. ಮ ಇಲ್ಲ, ನಿ ಇಲ್ಲ. ಡಿ ಸ್ವರವನ್ನು ಸ ಮಾಡಿಕೊಂಡು ಹಾಡುವಾಗ ನಿಮ್ಮ ಕೈ ಅಭ್ಯಾಸಬಲದಿಂದ ಜಿ ಕಾರ್ಡ್‌ಗೆ ಹೋಗುತ್ತದೆ. ಅದರೊಳಗೆ ಮ ಇದೆ. ಆಮೇಲೆ ಎ ಕಾರ್ಡ್ ಹಿಡಿಯುತ್ತೀರಿ. ಅದರೊಳಗೆ ನಿ ಇದೆ. ರಾಗದಲ್ಲಿ ಇಲ್ಲದ ಸ್ವರವನ್ನು ನೀವೇ ತಂದು ಸುರಿದು, ಹಾಡು ಕೂರಲ್ಲ ಅಂದರೆ ಹೇಗೆ? ಡಿ ಮತ್ತು ಬಿ ಮೈನರ್, ಈ ಎರಡರಲ್ಲಿ ಇರೋದು ಮೋಹನದ ಸ್ವರಗಳೇ. ಅವು ಸಾಕು. ಕಾರ್ಡೇ ಬೇಡ ಅಂದರೆ ಇನ್ನೂ ಚೆಂದ. ಆರನೇ ತಂತಿಯನ್ನು, ಅಂದರೆ ಎಲ್ಲಕ್ಕಿಂತ ದಪ್ಪ ತಂತಿಯನ್ನು, ಇ ಇಂದ ಡಿಗೆ ಇಳಿಸಿ. ಈಗ ಆರು, ಐದು, ನಾಲ್ಕನೇ ತಂತಿಗಳನ್ನು ಹಾಗೇ ಮೀಟಿ. ಸ, ಪ, ಸ. ತಂಬೂರಿ ನಿಮ್ಮ ಕೈಯಲ್ಲೇ ಇದೆ.

ಮಾತು ಸಾಕು, ನುಡಿಸಿ ನೋಡಿ. ಸಂಗೀತ ಪಾಠಕ್ಕೆ ಹೋದ ಮಕ್ಕಳೆಲ್ಲ ಕಲಿಯುವ ‘ವರವೀಣಾ’ ಗೀತೆ ಮೋಹನದಲ್ಲೇ ಇದೆ. ಶುರು ಹೀಗೆ: ಗ ಗ ಪಾ ಪಾ, ದ ಪ ಸಾ ಸಾ. ನಾಲ್ಕನೇ ತಂತಿ, ನಾಲ್ಕನೇ ಫ್ರೆಟ್, ಎರಡು ಸಲ: ಗ ಗ. ಮೂರನೇ ತಂತಿ, ಎರಡನೇ ಫ್ರೆಟ್: ಪಾ ಪಾ. ಎರಡನೇ ತಂತಿ ಏನೂ ಒತ್ತದೆ: ದ. ಮತ್ತೆ ಅದೇ ಪ. ಎರಡನೇ ತಂತಿ, ಮೂರನೇ ಫ್ರೆಟ್: ಸಾ ಸಾ. ನಡುವೆ ಜಾಗ ಸಿಕ್ಕಾಗ ಹೆಬ್ಬೆರಳಿಂದ ಆರನೇ ತಂತಿ ಮೀಟುತ್ತಿರಿ. ಎರಡೇ ವಾರ ಕಲಿತವರೂ ಇದನ್ನು ನುಡಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಆ ಮೇಲಿನ ಸಾ ಮುಟ್ಟಿದಾಗ ಅವರು ತಲೆ ಎತ್ತಿ ನೋಡುವ ನೋಟ ಇದೆಯಲ್ಲ, ಅದಕ್ಕೋಸ್ಕರವೇ ನಾನು ಪಾಠ ಮಾಡೋದು.

ಇಲ್ಲಿಗೆ ಬಂದ ಮೇಲೆ ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಯಾರೂ ಕೇಳಲ್ಲ, ಆದರೆ ಕೇಳಬೇಕು. ಮನೆಯಲ್ಲಿ ಹಾಡುವವರ ಜೊತೆ ನುಡಿಸೋದು ಹೇಗೆ? ಅಮ್ಮ ಡಿ ಶ್ರುತಿಗೆ, ಅಂದರೆ ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಎರಡು ಮನೆಗೆ, ಹಾಡಲಾರರು. ಹೆಂಗಸರ ದನಿ ಸಾಮಾನ್ಯವಾಗಿ ಐದು, ಐದೂವರೆ ಮನೆಯ ಹತ್ತಿರ ಇರುತ್ತದೆ. ಅವರನ್ನು ನಿಮ್ಮ ಶ್ರುತಿಗೆ ಎಳೆಯಬೇಡಿ, ಗಂಟಲಿಗೆ ಕಷ್ಟ. ಸುಮ್ನೆ ಒಂದು ಸಾಲು ಹಾಡಿಸಿ, ಫೋನಿನ ತಂಬೂರಿ ಆ್ಯಪ್‌ನಲ್ಲಿ ಅವರ ಸ ಎಲ್ಲಿದೆ ಅಂತ ಹುಡುಕಿ. ಐದು ಮನೆ ಬಂದರೆ ಐದನೇ ಫ್ರೆಟ್‌ಗೆ ಕೇಪೋ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್) ಹಾಕಿ. ಐದೂವರೆ ಆದರೆ ಆರನೇ ಫ್ರೆಟ್. ಬೆರಳ ಲೆಕ್ಕವೆಲ್ಲ ಕೇಪೋದಿಂದ ಮುಂದಕ್ಕೆ, ಮೇಲೆ ಹೇಳಿದ ಹಾಗೇ. ಮೊದಲ ದಿನ ಹಾಡಿನ ಸ್ವರ ನುಡಿಸೋಕೆ ಹೋಗಬೇಡಿ. ಬರೀ ಸ ಪ ಸ ಮೀಟುತ್ತಾ ಅಮ್ಮ ಹಾಡೋದನ್ನು ಕೇಳಿ. ಅವರು ಉಸಿರು ತೆಗೆದುಕೊಳ್ಳುವ ಜಾಗ ಗೊತ್ತಾದ ಮೇಲೆ, ಅಲ್ಲಿ ಎರಡು ಸ್ವರ ಸೇರಿಸಿ.