‘ನೀನು ವಿಂಡೋಸಾ?’ ‘ಹೌದು’ ಅನ್ನುವ ಲಿನಕ್ಸ್

ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರು ಜಾಸ್ತಿ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಂಡು ವಿಂಡೋಸ್ ಬದಲು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಹಾಕಿಕೊಳ್ಳುವವರೂ ಇದ್ದಾರೆ. ಆಮೇಲೆ ಕೆಲವರಿಗೆ ರಗಳೆ ಶುರು. ಲ್ಯಾಪ್‌ಟಾಪ್ ಮುಚ್ಚಿ ತೆರೆದರೆ ಪರದೆ ಕಪ್ಪಗೇ ಇರುತ್ತದೆ. ಬ್ರೈಟ್‌ನೆಸ್ ಕೀ ಒತ್ತಿದರೂ ಬೆಳಕು ಬದಲಾಗುವುದಿಲ್ಲ. ರಿಪೇರಿ ಅಂಗಡಿಗೆ ಒಯ್ದರೆ ‘ಲಿನಕ್ಸ್ ತೆಗೆದುಬಿಡಿ ಸರ್’ ಅನ್ನುವ ಉತ್ತರ ಸಿಗುತ್ತದೆ. ಆದರೆ ಎಷ್ಟೋ ಸಲ ತಪ್ಪು ಲಿನಕ್ಸ್‌ನದಲ್ಲ, ಫರ್ಮ್‌ವೇರ್‌ನದು.

ಫರ್ಮ್‌ವೇರ್ ಅಂದರೆ ಮದರ್‌ಬೋರ್ಡಿನ ಚಿಪ್ಪಿನಲ್ಲೇ ಇರುವ ಸಾಫ್ಟ್‌ವೇರ್. ಹಳೆಯದಕ್ಕೆ ಬಯೋಸ್ ಅಂತಾರೆ, ಈಗಿನದು ಯುಇಎಫ್‌ಐ. ಪವರ್ ಬಟನ್ ಒತ್ತಿದಾಗ ಮೊದಲು ಏಳುವುದು ಅದೇ. ಮೆಮೊರಿ ಎಲ್ಲಿದೆ, ಬ್ಯಾಟರಿ ಎಷ್ಟಿದೆ ಅಂತ ಯಾರನ್ನು ಕೇಳಬೇಕು, ಯಂತ್ರವನ್ನು ಮಲಗಿಸುವುದು ಹೇಗೆ ಎಂಬುದನ್ನೆಲ್ಲ ಅದು ಬರೆದಿಟ್ಟು, ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ಗೆ ಒಪ್ಪಿಸುತ್ತದೆ. ಇದನ್ನು ಹೀಗೇ ಬರೆಯಬೇಕು ಅಂತ 1996ರಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸೇರಿ ಎಸಿಪಿಐ ಎಂಬ ನಿಯಮ ಮಾಡಿದವು. ಕರ್ನಲ್ ಪಾಲಿಗೆ ಇದು ಪಹಣಿ. ಪಹಣಿಯಲ್ಲಿ ಒಂದು, ಹೊಲದಲ್ಲಿ ಇನ್ನೊಂದು ಇದ್ದರೆ ಎಷ್ಟು ತಲೆನೋವು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಎಸಿಪಿಐಯಲ್ಲಿ ಬರೀ ಪಟ್ಟಿಗಳಿಲ್ಲ, ಪುಟ್ಟ ಪುಟ್ಟ ಪ್ರೋಗ್ರಾಂಗಳೂ ಇವೆ. ಅವನ್ನು ಬರೆಯುವುದು ಲ್ಯಾಪ್‌ಟಾಪ್ ಕಂಪನಿ, ಓಡಿಸುವುದು ಕರ್ನಲ್. ಆ ಪ್ರೋಗ್ರಾಂ ಮಧ್ಯದಲ್ಲಿ ಕರ್ನಲ್‌ಗೇ ಪ್ರಶ್ನೆ ಹಾಕಬಹುದು: ‘ನೀನು ವಿಂಡೋಸ್ 2009 ಹೌದಾ?’ ಇದು ವಿಂಡೋಸ್ 7ಕ್ಕೆ ಅಲ್ಲಿರುವ ಹೆಸರು. ಲಿನಕ್ಸ್ ಸಲೀಸಾಗಿ ‘ಹೌದು’ ಅನ್ನುತ್ತದೆ. 2012 ಕೇಳಿದರೂ ಹೌದು, 2015 ಕೇಳಿದರೂ ಹೌದು.

ಯಾಕೆ ಈ ಸುಳ್ಳು? ಬಹಳಷ್ಟು ಕಂಪನಿಗಳು ತಮ್ಮ ಯಂತ್ರವನ್ನು ಪರೀಕ್ಷಿಸುವುದು ವಿಂಡೋಸ್ ಹಾಕಿ ಮಾತ್ರ. ‘ಅಲ್ಲ’ ಅಂದರೆ ಪ್ರೋಗ್ರಾಂ ಯಾರೂ ಓಡಿಸಿ ನೋಡದ ದಾರಿ ಹಿಡಿಯುತ್ತದೆ. ಅಲ್ಲಿ ಏನೇನು ತಪ್ಪಿದೆಯೋ! ಹಿಂದೆ ‘ನೀನು ಲಿನಕ್ಸಾ?’ ಅಂತ ಕೇಳಿದರೂ ಕರ್ನಲ್ ಹೌದು ಅನ್ನುತ್ತಿತ್ತು. ಅದರಿಂದ ಬೇರೆ ತೊಂದರೆ ಬಂತು. ಯಾವತ್ತಿನ ಲಿನಕ್ಸ್? ಕರ್ನಲ್‌ನ ಹಳೇ ಕೊರತೆಯೊಂದನ್ನು ಮುಚ್ಚಲು ಫರ್ಮ್‌ವೇರ್‌ನಲ್ಲಿ ಅಡ್ಡದಾರಿ ಬರೆದಿರುತ್ತಾರೆ. ಕರ್ನಲ್‌ನಲ್ಲಿ ಆ ಕೊರತೆ ಸರಿಹೋಗುತ್ತದೆ, ಚಿಪ್ಪಿನಲ್ಲಿ ಅಡ್ಡದಾರಿ ಹಾಗೇ ಉಳಿಯುತ್ತದೆ. ಹೀಗಾಗಿ 2007ರ 2.6.23 ಆವೃತ್ತಿಯಿಂದ ಆ ಪ್ರಶ್ನೆಗೆ ಮಾಮೂಲಿ ಉತ್ತರ ‘ಅಲ್ಲ’. ಲಿನಕ್ಸ್ ತಾನು ಲಿನಕ್ಸೇ ಅಲ್ಲ ಅನ್ನುತ್ತದೆ! ನನಗಂತೂ ಇದರಲ್ಲಿ ತಪ್ಪು ಕಾಣುವುದಿಲ್ಲ. ಬಳಸುವವರ ಯಂತ್ರ ನಡೆಯಬೇಕು, ಅಷ್ಟೇ.

ಕೆಲವು ಫರ್ಮ್‌ವೇರ್‌ಗಳ ಚಾಳಿ ಇನ್ನೂ ಕೆಟ್ಟದ್ದು. ‘ಈ ಮೆಮೊರಿ ನಿನ್ನದು, ಬಳಸಿಕೋ’ ಅಂತ ಕರ್ನಲ್‌ಗೆ ಕೊಟ್ಟು, ಆಮೇಲೆ ಸುಮ್ನೆ ಹೋಗಿ ಅಲ್ಲೇ ಏನೋ ಗೀಚಿಬಿಡುತ್ತವೆ. ಇದಕ್ಕಾಗಿ ಲಿನಕ್ಸ್ ಮೊದಲ 64 ಕಿಲೋಬೈಟ್ ಜಾಗವನ್ನು ಮುಟ್ಟದೆ ಬಿಡುತ್ತಿತ್ತು. 2021ರಿಂದ ಎಕ್ಸ್86 (ಇಂಟೆಲ್, ಎಎಂಡಿ ಚಿಪ್ಪಿನ) ಯಂತ್ರಗಳಲ್ಲಿ ಮೊದಲ 1 ಮೆಗಾಬೈಟನ್ನೇ ಬದಿಗಿಡುತ್ತಿದೆ.

ಕಂಪನಿಯೇ ಬಯೋಸ್ ಸರಿಮಾಡಬಹುದಲ್ಲ ಅಂತೀರಾ? ಮಾರಿ ವರ್ಷಗಳಾದ ಮಾಡೆಲ್‌ಗೆ ಅಪ್‌ಡೇಟ್ ಬರುವುದೇ ಅಪರೂಪ. ಬಂದರೂ ಹಾಕಿಕೊಳ್ಳುವವರು ಕಮ್ಮಿ. ಅದಕ್ಕೇ ಕರ್ನಲ್ ಒಳಗೆ ತಂಟೆಕೋರ ಮಾಡೆಲ್‌ಗಳ ಪಟ್ಟಿಗಳಿವೆ: ಈ ಕಂಪನಿಯ ಈ ಮಾಡೆಲ್ ಆದರೆ ರೀಬೂಟ್ ಹೀಗೆ ಮಾಡು, ಅದಾದರೆ ಹಾಗೆ ಮಾಡು. ಜೊತೆಗೆ, ತಪ್ಪು ಕಂಡಾಗ ಬೂಟ್ ಸಂದೇಶಗಳಲ್ಲಿ (ಯಂತ್ರ ಏಳುವಾಗ ಕರ್ನಲ್ ಬರೆಯುವ ಸಾಲುಗಳಲ್ಲಿ) ‘ಫರ್ಮ್‌ವೇರ್ ಬಗ್’ ಅಂತ ನೇರವಾಗಿ ಬರೆದಿಡುವ ಏರ್ಪಾಡೂ ಇದೆ. ಅಂಗಡಿಗೆ ಹೋಗುವ ಮುಂಚೆ ಅದನ್ನೊಮ್ಮೆ ಹುಡುಕಿ ನೋಡಿ.

ಪಟ್ಟಿ ಕೆಲಸ ಮಾಡಬೇಕಾದರೆ ಯಂತ್ರ ತನ್ನ ಹೆಸರು ಹೇಳಬೇಕು. ಆ ಹೆಸರನ್ನು ಕೊಡುವುದೂ ಫರ್ಮ್‌ವೇರೇ. ಜೋಡಿಸಿದ ಎಷ್ಟೋ ಪಿಸಿಗಳಲ್ಲಿ ಹೆಸರಿನ ಜಾಗದಲ್ಲಿ ‘ಟು ಬಿ ಫಿಲ್ಡ್ ಬೈ ಓಇಎಂ’ ಅಂತ ಇರುತ್ತದೆ. ತಯಾರಕರು ತುಂಬಬೇಕಾದದ್ದನ್ನು ಯಾರೂ ತುಂಬಿಲ್ಲ. ಆ ಹೆಸರು ನೋಡಿ ಇದು ಯಾವ ಪಿಸಿ ಅಂತ ಗೊತ್ತಾಗುವುದಿಲ್ಲ. ಆಗ ಬೂಟ್ ಆಗುವಾಗ ಬೇಕಾದ ಸೂಚನೆಯನ್ನು ಬಳಸುವವರೇ ಕೈಯಾರೆ ಸೇರಿಸಬೇಕಾಗಬಹುದು.