ಪಕ್ಷೇತರರಾಗಿ ವಿಧಾನಸಭೆಗೆ: ಹತ್ತು ಸೂಚಕರು ಮತ್ತು ಒಂದು ಪ್ರಮಾಣವಚನ

1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ ನಾಮಪತ್ರದ ಭಾಗವನ್ನು ಈಗಷ್ಟೇ ಓದಿ ಮುಗಿಸಿದೆ. ಮರೆಯುವ ಮುನ್ನ, ಪಕ್ಷೇತರ ಅಭ್ಯರ್ಥಿಯ ಜೊತೆ ಓಡಾಡುವ ನಿಮಗಾಗಿ ಬರೆದಿಡುತ್ತಿದ್ದೇನೆ. ಕರ್ನಾಟಕ ವಿಧಾನಸಭೆಯನ್ನೇ ಉದಾಹರಣೆಗೆ ಇಟ್ಟುಕೊಂಡಿದ್ದೇನೆ. 25 ವರ್ಷ ತುಂಬಿರಬೇಕು, ಭಾರತದ ಪ್ರಜೆಯಾಗಿರಬೇಕು, ಮೀಸಲು ಕ್ಷೇತ್ರವಾದರೆ ಜಾತಿ ಪ್ರಮಾಣಪತ್ರ ಬೇಕು ಎಂಬುದೆಲ್ಲ ನಿಮಗೂ ಗೊತ್ತು.

ಯಾರ ಹೆಸರು ಯಾವ ಪಟ್ಟಿಯಲ್ಲಿರಬೇಕು?

ನನಗೆ ಹೆಚ್ಚು ಹೊತ್ತು ಹಿಡಿದದ್ದು ಇದೇ. ಇಲ್ಲಿ ಎರಡು ಬೇರೆ ಬೇರೆ ನಿಯಮಗಳಿವೆ, ಮನಸ್ಸು ಎರಡನ್ನೂ ಒಂದೇ ಮಾಡಿಬಿಡುತ್ತದೆ.

ಅಭ್ಯರ್ಥಿಯ ಹೆಸರು ರಾಜ್ಯದ 224 ಕ್ಷೇತ್ರಗಳಲ್ಲಿ ಯಾವುದರ ಮತದಾರರ ಪಟ್ಟಿಯಲ್ಲಿದ್ದರೂ ನಡೆಯುತ್ತದೆ. ಬೀದರ್‌ನ ಮತದಾರರು ಮಡಿಕೇರಿಯಲ್ಲಿ ನಿಲ್ಲಬಹುದು. ಆಗ ತಮ್ಮ ಕ್ಷೇತ್ರದ ಪಟ್ಟಿಯ ದೃಢೀಕೃತ ಪ್ರತಿಯನ್ನು ಒದಗಿಸಬೇಕು, ಅಷ್ಟೇ.

ಸೂಚಕರಿಗೆ, ಅಂದರೆ ಅಭ್ಯರ್ಥಿಯ ಹೆಸರು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವ ಮತದಾರರಿಗೆ, ಈ ಸಡಿಲಿಕೆ ಇಲ್ಲ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು. ಪಕ್ಷೇತರರಿಗೆ ಹತ್ತು ಮಂದಿ ಬೇಕು, ಆ ಹತ್ತೂ ಮಂದಿ ಸ್ಪರ್ಧಿಸುವ ಕ್ಷೇತ್ರದ ಮತದಾರರೇ ಆಗಿರಬೇಕು. ಒಂಬತ್ತು ಮಂದಿ ಸರಿಯಿದ್ದು ಒಬ್ಬರು ಪಕ್ಕದ ಕ್ಷೇತ್ರದವರಾದರೆ ಆ ನಾಮಪತ್ರ ಉಳಿಯುವುದಿಲ್ಲ. ಮೈಸೂರು ನಗರವನ್ನೇ ನೋಡಿ: ಕೃಷ್ಣರಾಜ, ಚಾಮರಾಜ, ನರಸಿಂಹರಾಜ ಎಂದು ಮೂರು ಕ್ಷೇತ್ರ, ಸುತ್ತ ಚಾಮುಂಡೇಶ್ವರಿ. ‘ನಮ್ಮ ಊರಿನವರೇ’ ಎಂಬ ನಂಬಿಕೆಯ ಮೇಲೆ ಸಹಿ ಹಾಕಿಸಿದರೆ ಸಾಲದು. ವಿಳಾಸ ನೋಡಬೇಡಿ, ಪಟ್ಟಿ ನೋಡಿ.

ನಾಮಪತ್ರದ ನಮೂನೆಯಾದ 2ಬಿಯ ಎರಡನೇ ಭಾಗದಲ್ಲಿ ಸೂಚಕರ ವಿವರ ತುಂಬುತ್ತೇವಲ್ಲ, ಅಲ್ಲಿ ಕೇಳುವುದು ಮತದಾರರ ಗುರುತಿನ ಚೀಟಿಯ ಸಂಖ್ಯೆಯನ್ನಲ್ಲ. ಪಟ್ಟಿಯ ಭಾಗ ಸಂಖ್ಯೆ, ಆ ಭಾಗದೊಳಗಿನ ಕ್ರಮ ಸಂಖ್ಯೆ ಬೇಕು. ಆದರೆ ಒಂದು ಸಮಾಧಾನವಿದೆ. ಈ ಸಂಖ್ಯೆ ಬರೆಯುವಾಗ ಆದ ತಪ್ಪನ್ನು ತಿದ್ದಿಸಬಹುದು, ಅಂಥ ಸಣ್ಣ ದೋಷಕ್ಕೆ ನಾಮಪತ್ರ ತಿರಸ್ಕರಿಸಬಾರದೆಂದು ಕಾಯ್ದೆಯೇ ಹೇಳುತ್ತದೆ. ಸಂಖ್ಯೆ ತಪ್ಪಿದರೆ ದಾರಿಯಿದೆ, ಮನುಷ್ಯನೇ ಬೇರೆ ಕ್ಷೇತ್ರದವನಾದರೆ ದಾರಿಯಿಲ್ಲ. ಈ ವ್ಯತ್ಯಾಸವನ್ನು ದಪ್ಪ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ.

ಹೆಬ್ಬೆಟ್ಟು ಒತ್ತುವ ಸೂಚಕರಿದ್ದರೆ ಇನ್ನೊಂದು ಮಾತು. ಅವರು ಮನೆಯಲ್ಲಿ ಒತ್ತಿ ಕಳಿಸಿದರೆ ಆಗದು. ಚುನಾವಣಾಧಿಕಾರಿಯ ಅಥವಾ ಆಯೋಗ ಗೊತ್ತುಪಡಿಸಿದ ಅಧಿಕಾರಿಯ ಎದುರಿಗೇ ಒತ್ತಬೇಕು, ಅವರು ಗುರುತು ಖಚಿತಪಡಿಸಿಕೊಂಡು ದೃಢೀಕರಿಸಬೇಕು. ಕೂಲಿ ಬಿಟ್ಟು ಬರುವ ಹಿರಿಯರನ್ನು ಯಾವ ದಿನ, ಎಷ್ಟು ಹೊತ್ತಿಗೆ ಕರೆದೊಯ್ಯಬೇಕೆಂದು ಮೊದಲೇ ಯೋಚಿಸಿರಬೇಕು. ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರವರೆಗೆ ಮಾತ್ರ ನಾಮಪತ್ರ ಸ್ವೀಕರಿಸುತ್ತಾರೆ.

ಇದಕ್ಕೆಲ್ಲ ನನಗೆ ಬಹಳ ಹಿಡಿಸಿದ ಉಪಾಯ ಕಾಯ್ದೆಯಲ್ಲೇ ಇದೆ. ಒಬ್ಬ ಅಭ್ಯರ್ಥಿ ಒಂದು ಕ್ಷೇತ್ರಕ್ಕೆ ನಾಲ್ಕು ಸೆಟ್‌ವರೆಗೆ ನಾಮಪತ್ರ ಕೊಡಬಹುದು, ನಾಲ್ಕಕ್ಕೂ ಸೇರಿ ಠೇವಣಿ ಒಂದೇ. ಹಾಗಾಗಿ ಎರಡನೇ ಸೆಟ್‌ಗೆ ಪೂರ್ತಿ ಬೇರೆ ಹತ್ತು ಮಂದಿಯ ಸಹಿ ಹಾಕಿಸಿ. ಅದೇ ಹತ್ತು ಮಂದಿಯಿಂದ ಮತ್ತೆ ಸಹಿ ಹಾಕಿಸಿದರೆ ಮೊದಲ ಸೆಟ್‌ನ ದೋಷ ಎರಡನೆಯದಕ್ಕೂ ಅಂಟುತ್ತದೆ. ಒಂದು ಸೆಟ್ ಉಳಿದರೂ ಅಭ್ಯರ್ಥಿ ಕಣದಲ್ಲಿ ಉಳಿಯುತ್ತಾರೆ. ಚಿಹ್ನೆಯ ಆಯ್ಕೆಗೆ ಮಾತ್ರ ಮೊದಲು ಕೊಟ್ಟ ನಾಮಪತ್ರವನ್ನೇ ನೋಡುತ್ತಾರೆ, ಆದ್ದರಿಂದ ಮೂರು ಚಿಹ್ನೆಗಳನ್ನು ಅದರಲ್ಲೇ ಆದ್ಯತೆಯ ಕ್ರಮದಲ್ಲಿ ಬರೆಯಿರಿ.

ಪ್ರಮಾಣವಚನಕ್ಕೆ ಸಿಗುವ ಸಮಯ

ಗೆದ್ದ ಮೇಲೆ ಸದನದಲ್ಲಿ ಸ್ವೀಕರಿಸುವ ಪ್ರಮಾಣವಚನ ಬೇರೆ. ಸಂವಿಧಾನದ 173ನೇ ವಿಧಿಯಂತೆ ಅಭ್ಯರ್ಥಿಯಾಗಿಯೇ ಒಂದು ಪ್ರಮಾಣವಚನ ಸ್ವೀಕರಿಸಬೇಕು. ಅದನ್ನು ನಾಮಪತ್ರ ಕೊಟ್ಟ ನಂತರ, ಪರಿಶೀಲನೆಯ ದಿನಕ್ಕೆ ಮುಂಚೆ ಮುಗಿಸಬೇಕು. ಪರಿಶೀಲನೆಯ ದಿನ ಬೆಳಿಗ್ಗೆ ಓಡಿ ಹೋದರೆ ಪ್ರಯೋಜನವಿಲ್ಲ.

2023ರ ದಿನಾಂಕಗಳನ್ನು ಇಟ್ಟು ನೋಡಿ. ಅಧಿಸೂಚನೆ ಏಪ್ರಿಲ್ 13, ನಾಮಪತ್ರಕ್ಕೆ ಕೊನೆಯ ದಿನ ಏಪ್ರಿಲ್ 20, ಪರಿಶೀಲನೆ 21. ಅಂದರೆ 20ರಂದು ನಾಮಪತ್ರ ಕೊಟ್ಟವರು ಅಂದೇ ಪ್ರಮಾಣವಚನವನ್ನೂ ಮುಗಿಸಬೇಕಿತ್ತು. ನಾಮಪತ್ರವನ್ನು ಸೂಚಕರೊಬ್ಬರು ಹೋಗಿ ಕೊಡಬಹುದು. ಪ್ರಮಾಣವಚನಕ್ಕೆ ಅಭ್ಯರ್ಥಿಯೇ ಬೇಕು. ಪಕ್ಷದ ಕಚೇರಿ, ವಕೀಲರ ತಂಡ ಬೆನ್ನಿಗಿರುವವರಿಗೆ ಇದನ್ನು ನೆನಪಿಸಲು ಜನರಿರುತ್ತಾರೆ. ಪಕ್ಷೇತರರ ಜೊತೆ ಇರುವವರು ನೀವೇ ಆದ್ದರಿಂದ ನೀವೇ ನೆನಪಿಟ್ಟುಕೊಳ್ಳಬೇಕು.

ಉಳಿದ ಕಾಗದ, ಉಳಿದ ಹಣ

ನಮೂನೆ 26ರ ಅಫಿಡವಿಟ್‌ನಲ್ಲಿ ಯಾವ ಅಂಕಣವನ್ನೂ ಖಾಲಿ ಬಿಡಬಾರದು. ‘ಇಲ್ಲ’, ‘ಅನ್ವಯಿಸುವುದಿಲ್ಲ’ ಎಂದಾದರೂ ಬರೆಯಬೇಕು. 2013ರ ಸುಪ್ರೀಂ ಕೋರ್ಟ್ ತೀರ್ಪು ಈ ವಿಷಯದಲ್ಲಿ ಖಡಾಖಂಡಿತ. ಚುನಾವಣಾ ಖರ್ಚಿಗೆಂದೇ ಪ್ರತ್ಯೇಕ ಬ್ಯಾಂಕ್ ಖಾತೆಯನ್ನು ನಾಮಪತ್ರಕ್ಕೆ ಕನಿಷ್ಠ ಒಂದು ದಿನ ಮೊದಲು ತೆರೆದಿರಬೇಕು.

ಠೇವಣಿ 10,000 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 5,000. ಗೆಲ್ಲದವರು ಇದನ್ನು ಉಳಿಸಿಕೊಳ್ಳಬೇಕಾದರೆ ಸಿಂಧು ಮತಗಳ ಆರನೇ ಒಂದು ಭಾಗಕ್ಕಿಂತ ಹೆಚ್ಚು ಮತ ಬೇಕು. 1,80,000 ಸಿಂಧು ಮತಗಳಿದ್ದರೆ ಸರಿಯಾಗಿ 30,000 ಬಂದರೂ ಠೇವಣಿ ಹೋಯಿತು, 30,001 ಬರಬೇಕು. ನೋಟಾ ಈ ಲೆಕ್ಕಕ್ಕೆ ಸೇರುವುದಿಲ್ಲ.

ಚಿಹ್ನೆ ಕೈಗೆ ಸಿಗುವುದು ನಾಮಪತ್ರ ವಾಪಸಾತಿಯ ಗಡುವು ಮುಗಿದ ಮೇಲೆ. 2023ರಲ್ಲಿ ಅದು ಏಪ್ರಿಲ್ 24, ಮತದಾನ ಮೇ 10. ಬಹಿರಂಗ ಪ್ರಚಾರ 48 ಗಂಟೆ ಮೊದಲೇ ನಿಲ್ಲುವುದರಿಂದ ಚಿಹ್ನೆಯನ್ನು ಮನೆಮನೆಗೆ ಮುಟ್ಟಿಸಲು ಎರಡೇ ವಾರ. ಮತಯಂತ್ರದಲ್ಲೂ ಪಕ್ಷೇತರರ ಹೆಸರು ಪಕ್ಷಗಳ ಅಭ್ಯರ್ಥಿಗಳೆಲ್ಲ ಮುಗಿದ ಮೇಲೆ ಬರುತ್ತದೆ. 2019ರಲ್ಲಿ ಮಂಡ್ಯ ಲೋಕಸಭಾ ಕ್ಷೇತ್ರದಲ್ಲಿ ಸುಮಲತಾ ಅವರು ಪಕ್ಷೇತರರಾಗಿ ನಿಂತಾಗ ಅದೇ ಹೆಸರಿನ ಇನ್ನೂ ಮೂವರು ಕಣದಲ್ಲಿದ್ದರು. ಅವರನ್ನು ಬೇರೆಯಾಗಿ ಗುರುತಿಸಲು ಕಹಳೆ ಊದುವ ರೈತನ ಚಿಹ್ನೆ ಎಷ್ಟು ಮುಖ್ಯವಾಯಿತೆಂದು ಊಹಿಸಿಕೊಳ್ಳಿ. ಈ ಎರಡು ವಾರದ ನಿಯಮ ಪಕ್ಷೇತರರಿಗೆ ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಫಲಿತಾಂಶದ ನಂತರ

2023ರಲ್ಲಿ ಗೌರಿಬಿದನೂರು, ಹರಪನಹಳ್ಳಿಗಳಲ್ಲಿ ಪಕ್ಷೇತರರು ಗೆದ್ದರು. ಹಾಗೆ ಗೆದ್ದವರು ಆಮೇಲೆ ಯಾವುದೇ ಪಕ್ಷ ಸೇರಿದರೆ ಪಕ್ಷಾಂತರ ತಡೆಯುವ ಸಂವಿಧಾನದ ಹತ್ತನೇ ಅನುಸೂಚಿಯಂತೆ ಸದಸ್ಯತ್ವ ಹೋಗುತ್ತದೆ. ಸರ್ಕಾರಕ್ಕೆ ಬೆಂಬಲ ಕೊಟ್ಟು ಮಂತ್ರಿಯಾದ ಮಾತ್ರಕ್ಕೆ ಪಕ್ಷ ಸೇರಿದಂತಾಗುವುದಿಲ್ಲ. 2010ರಲ್ಲಿ ಸ್ಪೀಕರ್ ಅನರ್ಹಗೊಳಿಸಿದ್ದ ಐವರು ಪಕ್ಷೇತರ ಶಾಸಕರ ವಿಷಯದಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು.

ಸೋತವರಿಗೂ ಒಂದು ಕೆಲಸ ಬಾಕಿ ಇರುತ್ತದೆ. ಫಲಿತಾಂಶದ ದಿನದಿಂದ 30 ದಿನಗಳೊಳಗೆ ಖರ್ಚಿನ ಲೆಕ್ಕವನ್ನು ಜಿಲ್ಲಾ ಚುನಾವಣಾಧಿಕಾರಿಗೆ ಸಲ್ಲಿಸಬೇಕು. ಖರ್ಚಿನ ಮಿತಿ ನಮ್ಮಲ್ಲಿ 40 ಲಕ್ಷ ರೂಪಾಯಿ. ಖರ್ಚು ಎಷ್ಟೇ ಕಡಿಮೆಯಿರಲಿ, ಠೇವಣಿಯೇ ಹೋಗಿರಲಿ, ಸರಿಯಾದ ಕಾರಣವಿಲ್ಲದೆ ಲೆಕ್ಕ ಕೊಡದಿದ್ದರೆ ಆಯೋಗ ಮೂರು ವರ್ಷ ಅನರ್ಹಗೊಳಿಸಬಹುದು. ಬಿಲ್ಲುಗಳನ್ನು ಮೊದಲ ದಿನದಿಂದಲೇ ಒಂದು ಫೈಲಿಗೆ ಹಾಕುತ್ತಾ ಹೋಗಿ.